ಒಂಬತ್ತು ಗೋಲು: ಲೆಕ್ಕ ಎಷ್ಟು, ಊಹೆ ಎಷ್ಟು?

ಬೆಟಗೇರಿಯಲ್ಲಿ ಕೈಮಗ್ಗದ ಮುಂದೆ ಕುಳಿತ ನೇಕಾರರನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಒಂದೇ ಮಗ್ಗ, ಒಂದೇ ನೂಲು, ಅದೇ ಕೈ. ಆದರೂ ಒಂದು ದಿನ ಎಳೆ ಒಂದೆರಡು ಬಾರಿ ಹರಿಯುತ್ತದೆ, ಮರುದಿನ ಎಂಟು ಬಾರಿ ಹರಿಯುತ್ತದೆ. ಎಂಟು ಬಾರಿ ಹರಿದ ದಿನ ನೂಲು ಕೆಟ್ಟಿತೆಂದು ಅನುಭವಿ ನೇಕಾರ ಕೂಡಲೇ ತೀರ್ಮಾನಿಸುವುದಿಲ್ಲ. ಇನ್ನೂ ನಾಲ್ಕು ದಿನ ನೋಡುತ್ತಾನೆ. ಸಂಖ್ಯಾಶಾಸ್ತ್ರದ ಮೊದಲ ಪಾಠ ಇದೇ. ಆದರೆ ಫುಟ್‌ಬಾಲ್ ಪಂದ್ಯದ ಮರುದಿನ ಬರುವ ಅಂಕಿ ಅಂಶಗಳ ವಿಶ್ಲೇಷಣೆಗಳನ್ನು ಓದಿದರೆ, ಈ ತಾಳ್ಮೆ ಅಲ್ಲಿ ಅಪರೂಪವೆಂದು ತಿಳಿಯುತ್ತದೆ. ಗೋಲುಗಳು ಹೆಚ್ಚಾದಷ್ಟೂ ವಿವರಣೆಗಳು ಹೆಚ್ಚು, ಅನುಮಾನಗಳು ಕಡಿಮೆ!

ಈ ಬಗೆಯ ವಿಶ್ಲೇಷಣೆಯಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಮ್ಮ ರಾಜ್ಯದಲ್ಲೇ ನಡೆದ ಒಂದು ಪಂದ್ಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೇಕಾದ ಗಣಿತ ದ್ವಿತೀಯ ಪಿ.ಯು.ಸಿ. ಸಂಖ್ಯಾಶಾಸ್ತ್ರದ ಪಠ್ಯದಲ್ಲಿ ಇರುವಷ್ಟೇ. ಪ್ರೌಢಶಾಲೆಯ ವಿದ್ಯಾರ್ಥಿಗಳು ಕೂಡ ಹಿಂಬಾಲಿಸಬಹುದು.

ಪಂದ್ಯ ಮತ್ತು ಅದರ ಹಿಂದೆ ಮುಂದೆ

2020ರ ಫೆಬ್ರವರಿ 12ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಎ.ಎಫ್.ಸಿ. ಕಪ್ ಅರ್ಹತಾ ಸುತ್ತಿನ ಪಂದ್ಯವೊಂದು ನಡೆಯಿತು. ಬೆಂಗಳೂರು ಎಫ್.ಸಿ. ತಂಡ ಭೂತಾನದ ಪಾರೊ ಎಫ್.ಸಿ. ತಂಡವನ್ನು 9–1ರಿಂದ ಸೋಲಿಸಿತು. ಒಂಬತ್ತರಲ್ಲಿ ನಾಲ್ಕು ಗೋಲು ಸೆಂಬೊಯ್ ಹಾವೊಕಿಪ್ ಅವರದು, ಮೂರು ಡೆಶಾರ್ನ್ ಬ್ರೌನ್ ಅವರದು.

ಇದೇ ಎರಡು ತಂಡಗಳು ಒಂದು ವಾರ ಮೊದಲು, ಫೆಬ್ರವರಿ 5ರಂದು, ಭೂತಾನದಲ್ಲಿ ಆಡಿದ್ದವು. ಅಲ್ಲಿ ಬೆಂಗಳೂರು ಗೆದ್ದದ್ದು 1–0ರಿಂದ. ಅಂದರೆ ಏಳು ದಿನಗಳ ಅಂತರದಲ್ಲಿ ಒಂದೇ ಎದುರಾಳಿಯ ಮೇಲೆ ಒಂದೇ ತಂಡ ಮೊದಲು ಒಂದು ಗೋಲು, ಆಮೇಲೆ ಒಂಬತ್ತು ಗೋಲು ಹೊಡೆಯಿತು. ಮುಂದಿನ ಸುತ್ತಿನಲ್ಲಿ ಎದುರಾದದ್ದು ಮಾಲ್ಡೀವ್ಸ್ ದೇಶದ ಮಾಜಿಯಾ ತಂಡ. ಆ ಎರಡು ಪಂದ್ಯಗಳ ಮೊತ್ತ 4–4 ಆಗಿ, ಅದೇ ಕಂಠೀರವದಲ್ಲಿ ಅದೇ ತಿಂಗಳು ಬೆಂಗಳೂರು ತಂಡ ಪೆನಾಲ್ಟಿ ಒದೆತಗಳಲ್ಲಿ ಸೋತು ಹೊರಬಿದ್ದಿತು.

ಒಂದು ತಿಂಗಳೊಳಗಿನ ಈ ಮೂರು ಘಟನೆಗಳನ್ನು ಒಟ್ಟಿಗೆ ಇಟ್ಟುಕೊಂಡರೆ ನಮ್ಮ ಪ್ರಶ್ನೆ ಸ್ಪಷ್ಟವಾಗುತ್ತದೆ. 9–1 ಎಂಬ ಅಂಕಿ ಆ ತಂಡದ ಬಗ್ಗೆ ನಮಗೆ ನಿಜವಾಗಿ ತಿಳಿಸಿದ್ದೇನು?

ಮೊದಲ ತಪ್ಪು: ಯಾವ ಸರಾಸರಿ?

ಗೋಲುಗಳ ಲೆಕ್ಕಕ್ಕೆ ಸಂಖ್ಯಾಶಾಸ್ತ್ರಜ್ಞರು ಮೊದಲು ಬಳಸುವ ಸಾಧನ ಪ್ವಾಸೋನ್ ವಿತರಣೆ. ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ 1837ರಲ್ಲಿ ಇದನ್ನು ಪ್ರಕಟಿಸಿದರು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬುವರು ಪ್ರಷ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಸಂಖ್ಯೆಗೆ ಇದನ್ನು ಅನ್ವಯಿಸಿ ಪ್ರಸಿದ್ಧಗೊಳಿಸಿದರು. ಅವಕಾಶಗಳು ಬಹಳ, ಆದರೆ ಪ್ರತಿ ಅವಕಾಶದಲ್ಲೂ ಘಟನೆ ನಡೆಯುವ ಸಂಭವ ಬಹಳ ಕಡಿಮೆ – ಇಂಥಲ್ಲೆಲ್ಲ ಈ ವಿತರಣೆ ಸಲ್ಲುತ್ತದೆ. ಮಗ್ಗದಲ್ಲಿ ಎಳೆ ಹರಿಯುವುದು, ಪುಟದಲ್ಲಿ ಅಚ್ಚಿನ ತಪ್ಪು ನುಸುಳುವುದು, ಪಂದ್ಯದಲ್ಲಿ ಗೋಲು ಬೀಳುವುದು ಎಲ್ಲವೂ ಈ ಜಾತಿಗೆ ಸೇರಿದವು.

ಲೆಕ್ಕ ಮಾಡುವ ವಿಧಾನ ಸರಳ. ಪಂದ್ಯವೊಂದರ ಸರಾಸರಿ ಗೋಲುಗಳನ್ನು 'ಮ' ಎನ್ನೋಣ. ಒಂದೂ ಗೋಲು ಬೀಳದಿರುವ ಸಂಭವನೀಯತೆ 2.718ರ ಋಣ 'ಮ' ಘಾತ. ಅದನ್ನು 'ಮ'ದಿಂದ ಗುಣಿಸಿದರೆ ಒಂದು ಗೋಲಿನ ಸಂಭವನೀಯತೆ ಸಿಗುತ್ತದೆ. ಅದನ್ನು ಮತ್ತೆ 'ಮ'ದಿಂದ ಗುಣಿಸಿ 2ರಿಂದ ಭಾಗಿಸಿದರೆ ಎರಡು ಗೋಲಿನದು. ಮತ್ತೆ ಗುಣಿಸಿ 3ರಿಂದ ಭಾಗಿಸಿದರೆ ಮೂರು ಗೋಲಿನದು. ಹೀಗೆ ಮುಂದುವರಿಸಬಹುದು.

ಬೆಂಗಳೂರು ತಂಡ 2019–20ರ ಇಂಡಿಯನ್ ಸೂಪರ್ ಲೀಗ್‌ನ ಲೀಗ್ ಹಂತದ 18 ಪಂದ್ಯಗಳಲ್ಲಿ 22 ಗೋಲು ಹೊಡೆದಿತ್ತು. ಸರಾಸರಿ 1.22. ಈ ಸರಾಸರಿಯಿಂದ ಹೊರಟರೆ ಸೊನ್ನೆ ಗೋಲಿನ ಸಂಭವನೀಯತೆ 0.295, ಒಂದು ಗೋಲಿನದು 0.360, ಎರಡರದು 0.220, ಮೂರರದು 0.089, ನಾಲ್ಕರದು 0.027. ಐದು ಅಥವಾ ಹೆಚ್ಚು ಗೋಲು ಬೀಳುವುದು ನೂರಕ್ಕೆ ಒಂದಕ್ಕೂ ಕಡಿಮೆ. ಒಂಬತ್ತು ಅಥವಾ ಹೆಚ್ಚು ಗೋಲಿನ ಸಂಭವನೀಯತೆ ಸುಮಾರು 1,80,000ಕ್ಕೆ ಒಂದು!

ಇಂಥ ದೊಡ್ಡ ಛೇದ ಸಿಕ್ಕಾಗ ವಿಶ್ಲೇಷಕರಿಗೆ ತಲೆಬರಹ ಸಿಕ್ಕಂತೆ. 'ಲಕ್ಷಕ್ಕೊಂದು ಪಂದ್ಯ' ಎಂದು ಬರೆದುಬಿಡಬಹುದು. ಆದರೆ ಆ ಲೆಕ್ಕ ಸರಿಯಿದ್ದರೂ ತೀರ್ಮಾನ ತಪ್ಪು. 1.22 ಎಂಬುದು ಲೀಗ್‌ನ ಎದುರಾಳಿಗಳ ಮೇಲೆ ಹೊಡೆದ ಗೋಲುಗಳ ಸರಾಸರಿ. ಪಾರೊ ತಂಡ ಆ ಗುಂಪಿನದಲ್ಲ. ಗೋದಿ ತೂಗುವ ಕಲ್ಲಿನಿಂದ ಬಂಗಾರ ತೂಗಿ, ಬಂಗಾರ ಕಡಿಮೆ ಬಂತೆಂದು ಆಶ್ಚರ್ಯಪಟ್ಟಂತೆ ಇದು. ಅತಿ ಚಿಕ್ಕ ಸಂಭವನೀಯತೆ ಬಂದಾಗ ಅದ್ಭುತ ನಡೆಯಿತು ಎಂದು ತಿಳಿಯುವ ಮೊದಲು, ನಾವು ಆರಿಸಿದ ಸರಾಸರಿ ಈ ಸಂದರ್ಭಕ್ಕೆ ಹೊಂದುತ್ತದೆಯೇ ಎಂದು ಕೇಳಬೇಕು.

ಸರಾಸರಿಯನ್ನು ಬದಲಿಸಿ ನೋಡಿ. ಪಾರೊ ಎದುರು ಬೆಂಗಳೂರಿನ ನಿಜ ಸರಾಸರಿ 3 ಆಗಿದ್ದರೆ, ಒಂಬತ್ತು ಅಥವಾ ಹೆಚ್ಚು ಗೋಲು ಬೀಳುವ ಸಂಭವ ಶೇಕಡ 0.4. ಸರಾಸರಿ 4 ಆದರೆ ಶೇಕಡ 2.1. ಸರಾಸರಿ 5 ಆದರೆ ಶೇಕಡ 6.8. ಲಕ್ಷಕ್ಕೊಂದು ಎನಿಸಿದ್ದು ಹದಿನೈದಕ್ಕೊಂದು ಆಗಿಬಿಟ್ಟಿತು. ಪಂದ್ಯ ಅದೇ, ಬದಲಾದದ್ದು ನಮ್ಮ ಊಹೆ ಮಾತ್ರ.

ಎರಡನೆಯ ತಪ್ಪು: ಒಂದೇ ಅಂಕಿಯ ಭರವಸೆ

ಹಾಗಾದರೆ ನಿಜ ಸರಾಸರಿ ಎಷ್ಟು? ಇಲ್ಲಿ ಹಿಂದಿನ ದಿಕ್ಕಿನಿಂದ ಲೆಕ್ಕ ಮಾಡಬೇಕು. ಒಂದೇ ಪಂದ್ಯದಲ್ಲಿ 9 ಗೋಲು ಕಂಡಿದ್ದೇವೆ ಎಂದರೆ, ಶೇಕಡ 95ರ ವಿಶ್ವಾಸ ಮಟ್ಟದಲ್ಲಿ ಹಿಂದಿನ ನಿಜ ಸರಾಸರಿ ಸುಮಾರು 4ರಿಂದ 17ರವರೆಗೆ ಎಲ್ಲಿಯಾದರೂ ಇರಬಹುದು. ಇದು ಎಷ್ಟು ಅಗಲದ ವ್ಯಾಪ್ತಿ ನೋಡಿ! ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಎಷ್ಟು ದೂರ ಎಂದು ಕೇಳಿದವರಿಗೆ, 'ಹತ್ತರಿಂದ ನಲವತ್ತು ಮೈಲಿ' ಎಂದು ಉತ್ತರಿಸಿದ ಹಾಗೆ. ಉತ್ತರ ಸುಳ್ಳಲ್ಲ. ಆದರೆ ಅದನ್ನು ನಂಬಿ ಬಸ್ಸಿನ ವೇಳಾಪಟ್ಟಿ ಬರೆಯಲಾಗದು.

ಇಡೀ ಲೀಗ್ ಹಂತದ 22 ಗೋಲುಗಳನ್ನು ತೆಗೆದುಕೊಂಡರೂ ಪಂದ್ಯವೊಂದರ ನಿಜ ಸರಾಸರಿ 0.8ರಿಂದ 1.8ರವರೆಗೆ ಎಲ್ಲಿಯಾದರೂ ಇರಬಹುದು. 18 ಪಂದ್ಯಗಳೂ ಸಾಲದು ಎಂದಾದರೆ ಒಂದು ಪಂದ್ಯದ ಮಾತೇನು? ಫುಟ್‌ಬಾಲ್‌ನಲ್ಲಿ ಗೋಲು ಅಪರೂಪ. ಅಪರೂಪದ ಎಣಿಕೆಯಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಕ್ರಿಕೆಟ್‌ನಲ್ಲಿ ಮುನ್ನೂರು ರನ್ ಎಣಿಸುವಾಗ ಇರುವ ಭರವಸೆ ಇಲ್ಲಿ ಇರುವುದಿಲ್ಲ.

ತರಗತಿಯಲ್ಲಿ ಮಾಡಬಹುದಾದ ಪರೀಕ್ಷೆ

ಈಗ ಎರಡು ಪಂದ್ಯಗಳನ್ನು ಹೋಲಿಸೋಣ. ಬೆಂಗಳೂರು ಹೊಡೆದ ಒಟ್ಟು ಗೋಲು 10. ಮೊದಲ ಪಂದ್ಯದಲ್ಲಿ 1, ಎರಡನೆಯದರಲ್ಲಿ 9. ಎರಡೂ ಪಂದ್ಯಗಳಲ್ಲಿ ಗೋಲಿನ ಸರಾಸರಿ ಒಂದೇ ಆಗಿತ್ತು ಎಂದು ಊಹಿಸಿದರೆ, ಪ್ರತಿ ಗೋಲೂ ಮೊದಲ ಪಂದ್ಯಕ್ಕೋ ಎರಡನೆಯದಕ್ಕೋ ಸೇರುವ ಸಂಭವ ಸಮಸಮ. ಅಂದರೆ ಹತ್ತು ನಾಣ್ಯ ಚಿಮ್ಮಿದಂತೆ.

ಹತ್ತು ನಾಣ್ಯ ಚಿಮ್ಮಿದಾಗ ಒಟ್ಟು 1024 ಬಗೆಯ ಫಲಿತಾಂಶಗಳು. ಅವುಗಳಲ್ಲಿ 9–1, 1–9, 10–0, 0–10 ಬರುವ ಬಗೆಗಳು 10 + 10 + 1 + 1 = 22. ಸಂಭವನೀಯತೆ 22/1024, ಅಂದರೆ ಶೇಕಡ 2.1, ಸುಮಾರು 47ಕ್ಕೆ ಒಂದು.

ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿಸಬಹುದು. 47 ವಿದ್ಯಾರ್ಥಿಗಳಿದ್ದು ಪ್ರತಿಯೊಬ್ಬರೂ ಹತ್ತು ಬಾರಿ ನಾಣ್ಯ ಚಿಮ್ಮಿ ಬರೆದುಕೊಳ್ಳಲಿ. ಒಬ್ಬರಿಗಾದರೂ 9–1 ಅಥವಾ ಅದಕ್ಕಿಂತ ಏಕಪಕ್ಷೀಯವಾದ ಫಲಿತಾಂಶ ಬರುವ ಸಂಭವನೀಯತೆ ಸುಮಾರು 0.64. ಬಂದರೆ ಆ ವಿದ್ಯಾರ್ಥಿಯನ್ನು ಎಬ್ಬಿಸಿ, 'ನಿನ್ನ ತಂತ್ರ ಏನು?' ಎಂದು ಕೇಳಿ ನೋಡಿ. ತರಗತಿ ನಗುತ್ತದೆ. ಆ ನಗುವಿನಲ್ಲಿ ಪಾಠ ಮುಗಿಯುತ್ತದೆ.

ಇಷ್ಟರಿಂದ 'ಎಲ್ಲವೂ ಆಕಸ್ಮಿಕ' ಎಂದು ಹೇಳುತ್ತಿಲ್ಲ ಎಂಬುದನ್ನು ಗಮನಿಸಬೇಕು. ಶೇಕಡ 2 ಸಣ್ಣ ಸಂಖ್ಯೆಯೇ. ಭೂತಾನದ ಎತ್ತರದ ನೆಲ, ಗಾಳಿಯಲ್ಲಿ ಆಮ್ಲಜನಕದ ಕೊರತೆ, ತವರಿನ ಪ್ರೇಕ್ಷಕರು ಇವೆಲ್ಲ ನಿಜ ಕಾರಣಗಳಿರಬಹುದು. ಆದರೆ ಇನ್ನೊಂದು ತೊಡಕಿದೆ. ಬೆಂಗಳೂರು ತಂಡ 2013ರಲ್ಲಿ ಸ್ಥಾಪನೆಯಾದಂದಿನಿಂದ ಆಡಿದ ಪಂದ್ಯಗಳು ನೂರಾರು. ಅವುಗಳಲ್ಲಿ ಈ ಜೋಡಿಯನ್ನೇ ನಾವು ಆರಿಸಿದ್ದೇಕೆ? ಅದು ವಿಚಿತ್ರವಾಗಿತ್ತು ಎಂಬ ಕಾರಣಕ್ಕೆ! ಬಾಣ ಬಿಟ್ಟ ಮೇಲೆ ಅದು ನಾಟಿದಲ್ಲಿ ಗುರಿಯ ವೃತ್ತ ಬರೆದಂತೆ ಇದು. ಹಾಗೆ ಆರಿಸಿದ ಪಂದ್ಯಕ್ಕೆ ಶೇಕಡ 2 ಎಂಬ ಅಳತೆ ಪೂರ್ತಿ ಸಲ್ಲುವುದಿಲ್ಲ. ಈ ಲೇಖನವೂ ಆ ದೋಷದಿಂದ ಮುಕ್ತವಲ್ಲ. ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಮೂರನೆಯ ತಪ್ಪು: ಛೇದವನ್ನು ಮರೆಯುವುದು

ಫುಟ್‌ಬಾಲ್‌ನ ಅಂಕಿ ಸಂಗ್ರಹದ ಚರಿತ್ರೆಯಲ್ಲಿ ಚಾರ್ಲ್ಸ್ ರೀಪ್ ಎಂಬ ಹೆಸರು ದೊಡ್ಡದು. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿದ್ದ ಇವರು 1950ರ ಮಾರ್ಚ್ 18ರಂದು ಸ್ವಿಂಡನ್ ಟೌನ್ ತಂಡದ ಪಂದ್ಯ ನೋಡುತ್ತ, ಪೆನ್ಸಿಲ್ ಹಿಡಿದು ಪ್ರತಿ ಚಲನೆಯನ್ನೂ ಗುರುತು ಹಾಕಲು ಆರಂಭಿಸಿದರು. ಮುಂದೆ ಹಲವು ವರ್ಷ ಈ ಕೆಲಸ ನಡೆಸಿ, 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಅವರೊಡನೆ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಅವರ ಶ್ರಮ ಮೆಚ್ಚತಕ್ಕದ್ದು. ಸುಮಾರು ಹತ್ತು ಒದೆತಕ್ಕೆ ಒಂದು ಗೋಲು ಎಂಬ ಅವರ ಲೆಕ್ಕ ಇಂದಿಗೂ ಬಹುಮಟ್ಟಿಗೆ ನಿಂತಿದೆ.

ಆದರೆ ಅವರ ಅಂಕಿಗಳಿಂದ ತೆಗೆದ ಒಂದು ತೀರ್ಮಾನ ಎಡವಿತು. ಸುಮಾರು ಶೇಕಡ 80ರಷ್ಟು ಗೋಲುಗಳು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳ ಚಲನೆಯಿಂದ ಬರುತ್ತವೆ. ಆದ್ದರಿಂದ ಚೆಂಡನ್ನು ಉದ್ದಕ್ಕೆ ಒದೆಯುವುದೇ ಸರಿ ಎಂಬ ತತ್ವ ಅದರಿಂದ ಹುಟ್ಟಿತು. ಅದೇ ಅಂಕಿಗಳಲ್ಲಿ ಇನ್ನೊಂದು ಸಂಗತಿ ಇತ್ತು. ಪಂದ್ಯದ ಎಲ್ಲ ಚಲನೆಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ಚಲನೆಗಳೇ ಮೂರು ಪಾಸಿನೊಳಗೆ ಮುಗಿಯುತ್ತವೆ! ಅಂದರೆ ಶೇಕಡ 10ಕ್ಕಿಂತ ಕಡಿಮೆ ಇರುವ ದೀರ್ಘ ಚಲನೆಗಳು ಶೇಕಡ 20ರಷ್ಟು ಗೋಲು ಕೊಡುತ್ತಿದ್ದವು. ಸರಾಸರಿಯಲ್ಲಿ ಅವುಗಳೇ ಎರಡು ಪಟ್ಟಿಗೂ ಹೆಚ್ಚು ಫಲದಾಯಕ. ಅಂಶ ಮಾತ್ರ ನೋಡಿ ಛೇದ ನೋಡದಿದ್ದರೆ ತೀರ್ಮಾನ ತಲೆಕೆಳಗಾಗುತ್ತದೆ. ಇಂಗ್ಲೆಂಡಿನ ಎಷ್ಟೋ ತರಬೇತುದಾರರು ದಶಕಗಳ ಕಾಲ ಈ ತತ್ವದ ಪ್ರಭಾವದಲ್ಲಿದ್ದರು.

ಕೋಷ್ಟಕ ಮರೆಮಾಡುವುದು

ಟಿ.ವಿ.ಯಲ್ಲಿ ಪಂದ್ಯದ ಕೊನೆಗೆ ತೋರಿಸುವ ಕೋಷ್ಟಕದ ಬಗ್ಗೆಯೂ ಎರಡು ಮಾತು. 2014ರ ಜುಲೈ 8ರಂದು ವಿಶ್ವಕಪ್ ಉಪಾಂತ್ಯದಲ್ಲಿ ಜರ್ಮನಿ 7–1ರಿಂದ ಬ್ರೆಜಿಲ್ ತಂಡವನ್ನು ಸೋಲಿಸಿತು. ಆ ಪಂದ್ಯದ ಕೋಷ್ಟಕದಲ್ಲಿ ಗೋಲಿನತ್ತ ಒದೆತಗಳು ಬ್ರೆಜಿಲ್‌ನದು 18, ಜರ್ಮನಿಯದು 14. ಚೆಂಡಿನ ಹಿಡಿತವೂ ಅರ್ಧಕ್ಕಿಂತ ತುಸು ಹೆಚ್ಚು ಬ್ರೆಜಿಲ್‌ನದೇ. ಕೋಷ್ಟಕ ಮಾತ್ರ ನೋಡಿದವರು ಯಾರು ಗೆದ್ದರೆಂದು ಹೇಳಲಾರರು.

ಕಾರಣ ಕಾಲಾನುಕ್ರಮದಲ್ಲಿದೆ. ಜರ್ಮನಿಯ ಮೊದಲ ಐದು ಗೋಲುಗಳು 11, 23, 24, 26 ಮತ್ತು 29ನೆಯ ನಿಮಿಷಗಳಲ್ಲಿ ಬಿದ್ದವು. ಆಮೇಲೆ ಗೆಲ್ಲುತ್ತಿದ್ದ ತಂಡಕ್ಕೆ ಅವಸರ ಇರಲಿಲ್ಲ. ಸೋಲುತ್ತಿದ್ದ ತಂಡ ಒದೆಯಲೇಬೇಕಿತ್ತು. ಇಡೀ 90 ನಿಮಿಷಗಳನ್ನು ಒಂದೇ ಚೀಲಕ್ಕೆ ಸುರಿದಾಗ ಈ ಕತೆ ಅಳಿಸಿಹೋಗುತ್ತದೆ. ಆರು ನಿಮಿಷದಲ್ಲಿ ನಾಲ್ಕು ಗೋಲು ಬೀಳುವುದು ಪ್ವಾಸೋನ್ ಲೆಕ್ಕಕ್ಕೂ ಸುಲಭವಾಗಿ ಒಗ್ಗದು. ಪ್ರತಿ ಗೋಲೂ ಹಿಂದಿನದರಿಂದ ಸ್ವತಂತ್ರ ಎಂಬುದು ಆ ವಿತರಣೆಯ ಆಧಾರ. ಧೃತಿಗೆಟ್ಟ ರಕ್ಷಕರು ಇದ್ದಾಗ ಆ ಆಧಾರ ಕುಸಿಯುತ್ತದೆ.

ಸರಾಸರಿ ಪಂದ್ಯದ ಮಧ್ಯದಲ್ಲೇ ಬದಲಾಗುವುದೂ ಉಂಟು. 2017ರ ನವೆಂಬರ್ 30ರಂದು ಎಫ್.ಸಿ. ಗೋವಾ ತಂಡ ಬೆಂಗಳೂರನ್ನು 4–3ರಿಂದ ಸೋಲಿಸಿದ ಪಂದ್ಯದಲ್ಲಿ ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಮೊದಲ ಅರ್ಧದಲ್ಲೇ ಕೆಂಪು ಚೀಟಿ ಪಡೆದು ಹೊರನಡೆದರು. ಹತ್ತು ಜನರ ತಂಡ ಗೋಲು ಹೊಡೆಯುವ ಸಂಭವ ಕಡಿಮೆಯಾಗಬೇಕಲ್ಲವೆ? ಆದರೆ ಆ ಹತ್ತು ಜನರೇ 1–3ರ ಹಿನ್ನಡೆಯನ್ನು 3–3ಕ್ಕೆ ಸರಿಗಟ್ಟಿದರು. ಕೊನೆಗೆ ಫೆರಾನ್ ಕೊರೊಮಿನಾಸ್ ಅವರ ಮೂರನೆಯ ಗೋಲು ಗೋವಾಕ್ಕೆ ಗೆಲುವು ತಂದಿತು. ನಿಯಮ ಸರಿಯಾದದ್ದೇ, ಒಂದು ಪಂದ್ಯ ಅದಕ್ಕೆ ವಿಧೇಯವಾಗಿರಬೇಕಿಲ್ಲ.

ಹೊಸ ಅಳತೆ, ಹಳೆಯ ಎಚ್ಚರ

ಈಚೆಗೆ 'ನಿರೀಕ್ಷಿತ ಗೋಲು' ಎಂಬ ಅಳತೆ ಬಳಕೆಗೆ ಬಂದಿದೆ. ಹಿಂದಿನ ಸಾವಿರಾರು ಒದೆತಗಳ ದಾಖಲೆಯಿಂದ, ಇಂಥ ಜಾಗದಿಂದ ಇಂಥ ಕೋನದಲ್ಲಿ ಒದ್ದರೆ ಗೋಲಾಗುವ ಸಂಭವನೀಯತೆ ಎಷ್ಟೆಂದು ಅಂದಾಜು ಮಾಡಿ, ಪಂದ್ಯದ ಎಲ್ಲ ಒದೆತಗಳದನ್ನೂ ಕೂಡುತ್ತಾರೆ. ಬರಿಯ ಒದೆತ ಎಣಿಸುವುದಕ್ಕಿಂತ ಇದು ಖಂಡಿತವಾಗಿ ಉತ್ತಮ. ಪಂದ್ಯಗಳು ಹೆಚ್ಚಾದಂತೆ ಇದರ ಉಪಯೋಗವೂ ಹೆಚ್ಚು.

ಆದರೆ ಒಂದು ಪಂದ್ಯಕ್ಕೆ ಒಂದೇ ಮೊತ್ತವಾಗಿ ಇದನ್ನು ಹೇಳಿದಾಗ ಮಾಹಿತಿ ನಷ್ಟವಾಗುತ್ತದೆ. ಒಂದು ತಂಡ 0.1 ಸಂಭವದ ಹತ್ತು ಒದೆತ ಹೊಡೆಯಿತು, ಇನ್ನೊಂದು 0.5 ಸಂಭವದ ಎರಡೇ ಒದೆತ ಹೊಡೆಯಿತು ಎನ್ನಿ. ಇಬ್ಬರ ಮೊತ್ತವೂ ಒಂದೇ: 1. ಆದರೆ ಒಂದೂ ಗೋಲು ಬೀಳದಿರುವ ಸಂಭವ ಮೊದಲನೆಯ ತಂಡಕ್ಕೆ 0.35, ಎರಡನೆಯದಕ್ಕೆ 0.25. ಮೂರು ಅಥವಾ ಹೆಚ್ಚು ಗೋಲು ಬೀಳುವ ಸಂಭವ ಮೊದಲನೆಯದಕ್ಕೆ 0.07, ಎರಡನೆಯದಕ್ಕೆ ಸೊನ್ನೆ. ಸರಾಸರಿಯ ಜೊತೆಗೆ ಹರಡಿಕೆಯನ್ನೂ ಹೇಳಬೇಕು ಎಂದು ನಮ್ಮ ಪಠ್ಯಪುಸ್ತಕ ಹೇಳುವುದು ಇದಕ್ಕಾಗಿಯೇ.

ಆಟದಿಂದ ಶಾಲೆಗೆ

ಒಂದು ಫುಟ್‌ಬಾಲ್ ಪಂದ್ಯದ ಲೆಕ್ಕ ತಪ್ಪಿದರೆ ಯಾರಿಗೇನು ನಷ್ಟ ಎಂದು ಕೇಳಬಹುದು. ಪಂದ್ಯಕ್ಕೆ ನಷ್ಟವಿಲ್ಲ. ಆದರೆ ಇದೇ ರೂಢಿ ನಮ್ಮ ಅಂಗಳಕ್ಕೂ ಬಂದಿದೆ. ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಾಗ ಶಾಲೆಗಳ ಶೇಕಡಾವಾರು ಪಟ್ಟಿಯಾಗುತ್ತದೆ. ಮೇಲಿದ್ದವರಿಗೆ ಹಾರ, ಕೆಳಗಿದ್ದವರಿಗೆ ನೋಟೀಸು.

ಒಂದು ಊಹೆ ಮಾಡೋಣ. ಶಿರಹಟ್ಟಿ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ 20 ವಿದ್ಯಾರ್ಥಿಗಳು, ಪಟ್ಟಣದ ಶಾಲೆಯಲ್ಲಿ 180. ಎರಡರಲ್ಲೂ ಬೋಧನೆ ಸಮಾನ. ಪ್ರತಿ ವಿದ್ಯಾರ್ಥಿ ತೇರ್ಗಡೆಯಾಗುವ ಸಂಭವನೀಯತೆ 0.8 ಎನ್ನಿ. ದ್ವಿಪದ ವಿತರಣೆಯ ಸೂತ್ರದಂತೆ ಸಣ್ಣ ಶಾಲೆಯ ಫಲಿತಾಂಶದ ಮಾನಕ ವಿಚಲನೆ ಶೇಕಡ 9, ದೊಡ್ಡ ಶಾಲೆಯದು ಶೇಕಡ 3. ಆದ್ದರಿಂದ ದೊಡ್ಡ ಶಾಲೆಯ ಫಲಿತಾಂಶ ಸಾಮಾನ್ಯವಾಗಿ 74ರಿಂದ 86ರ ನಡುವೆ ಇರುತ್ತದೆ. ಸಣ್ಣ ಶಾಲೆಯದು 62ರಿಂದ 98ರವರೆಗೆ ಓಲಾಡುತ್ತದೆ. ಶಿಕ್ಷಕರು ಏನೂ ಬದಲಿಸದೆಯೇ ಒಂದು ವರ್ಷ ಪಟ್ಟಿಯ ತುದಿಗೆ, ಇನ್ನೊಂದು ವರ್ಷ ತಳಕ್ಕೆ ಹೋಗಬಹುದು. ಹೋದ ವರ್ಷದ ಹಾರವೂ ಈ ವರ್ಷದ ನೋಟೀಸೂ ಒಂದೇ ನಾಣ್ಯದ ಎರಡು ಮುಖಗಳಾಗಿರಬಹುದು.

ನೋಟೀಸಿನ ಮರುವರ್ಷ ಫಲಿತಾಂಶ ತಾನಾಗಿಯೇ ಸರಾಸರಿಯತ್ತ ಏರುತ್ತದೆ. ಆಗ 'ನೋಟೀಸು ಕೆಲಸ ಮಾಡಿತು' ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಹಾರ ಹಾಕಿಸಿಕೊಂಡ ಶಾಲೆ ಮರುವರ್ಷ ಇಳಿದಾಗ 'ಹೊಗಳಿಕೆ ಕೆಡಿಸಿತು' ಎನ್ನುತ್ತಾರೆ. ಎರಡೂ ಕಡೆ ಕೆಲಸ ಮಾಡಿದ್ದು ಸರಾಸರಿಯ ಕಡೆಗೆ ಮರಳುವ ಸಹಜ ಗುಣ ಮಾತ್ರ. ಒಂಬತ್ತು ಗೋಲು ಹೊಡೆದ ತಂಡ ಎರಡು ವಾರದಲ್ಲಿ ಹೊರಬಿದ್ದಾಗ 'ಅಹಂಕಾರ ಬಂತು' ಎನ್ನುವುದೂ ಇಂಥದೇ ವಿವರಣೆ.

ಹಾಗೆಂದು ಅಂಕಿಗಳನ್ನು ಬಿಸಾಡಬೇಕಿಲ್ಲ. ಸಣ್ಣ ಶಾಲೆಯ ಐದು ವರ್ಷಗಳ ಫಲಿತಾಂಶ ಕೂಡಿಸಿದರೆ ನೂರು ವಿದ್ಯಾರ್ಥಿಗಳಾಗುತ್ತಾರೆ. ಮಾನಕ ವಿಚಲನೆ ಶೇಕಡ 4ಕ್ಕೆ ಇಳಿಯುತ್ತದೆ. ಆಗಲೂ ಹಿಂದುಳಿದಿದ್ದರೆ ಕಾರಣ ಹುಡುಕುವುದು ನ್ಯಾಯ. ಅಂಕಿ ನೋಡಿದಾಗಲೆಲ್ಲ ನಾಲ್ಕು ಪ್ರಶ್ನೆ ಕೇಳಲು ವಿದ್ಯಾರ್ಥಿಗಳಿಗೆ ಕಲಿಸೋಣ. ಯಾವ ಗುಂಪಿನ ಸರಾಸರಿಗೆ ಹೋಲಿಸಿದ್ದು? ಛೇದ ಎಷ್ಟು? ಅನಿಶ್ಚಿತತೆಯ ವ್ಯಾಪ್ತಿ ಎಷ್ಟು? ಈ ಉದಾಹರಣೆಯನ್ನು ಫಲಿತಾಂಶ ನೋಡುವ ಮೊದಲು ಆರಿಸಿದ್ದೋ, ನೋಡಿದ ಮೇಲೆ ಆರಿಸಿದ್ದೋ?

ಮುಂಡರಗಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಹೂವಿನ ಹಡಗಲಿ ಸಿಗುತ್ತದೆ. ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ಅಲ್ಲಿ. 2023ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅಂದಾಜು ಎಷ್ಟು ನಿಖರವಾಗಿರಲು ಸಾಧ್ಯ, ಅದಕ್ಕೆ ಮಿತಿ ಯಾವುದು ಎಂಬುದನ್ನು ತೋರಿಸಿದ್ದು ಅವರ ಹೆಸರಿನಲ್ಲಿರುವ ಪ್ರಸಿದ್ಧ ಪ್ರಮೇಯ. ಅವರು ಹುಟ್ಟಿದ ನೆಲದ ನೆರೆಯಲ್ಲಿರುವ ನಾವು ಒಂದು ಅಂಕಿ ಹೇಳುವಾಗ, ಅದರ ಜೊತೆಗೆ ಅದರ ಮಿತಿಯನ್ನೂ ಹೇಳುವ ಅಭ್ಯಾಸ ಮಾಡಿಕೊಳ್ಳಬಾರದೇಕೆ? ಮುಂದಿನ ಎಸ್.ಎಸ್.ಎಲ್.ಸಿ. ಪಟ್ಟಿ ಬಂದಾಗ ಶಾಲೆಯ ಹೆಸರಿನ ಪಕ್ಕದಲ್ಲಿ ವಿದ್ಯಾರ್ಥಿಗಳ ಸಂಖ್ಯೆಯನ್ನೂ ಬರೆದುಕೊಂಡು ನೋಡಿ. ಪಟ್ಟಿಯ ಎರಡು ತುದಿಗಳಲ್ಲಿ ಯಾರಿದ್ದಾರೆಂದು ನೀವೇ ಎಣಿಸಬಹುದು.